ಕೊನೆಯ ಸಾಲಿನ ಕಾಫಿ

ದೊಡ್ಡ ಪರದೆಯ ಮೇಲೆ ತಮ್ಮ ಗಂಡನ ಸಂಗತಿ ಮೂಡಿದಾಗ ಕೈಪಿಡಿ ಮೇಡಂ ಆಗಷ್ಟೇ ಬಿಸ್ಕತ್ತು ಕಚ್ಚಿದ್ದರು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮೇಜಿನ ಆಚೆ ಪಾರ್ಸೆಲ್ ಕಂಪನಿಯಿಂದ ಬಂದ ಗ್ರಾಹಕರು ಕೂತಿದ್ದರು. ಪ್ರೋಗ್ರಾಂ ಬರೆಯುವ ಎಐ ಏಜೆಂಟ್ ಅವರ ಕಣ್ಣೆದುರೇ ಒಂದು ಪುಟ ಕಟ್ಟಿ ತೋರಿಸಬೇಕಿತ್ತು, ತೋರಿಸಿತು. ‘ರದ್ದು ಮಾಡು’ ಒತ್ತಿದರೆ ಎಚ್ಚರಿಕೆಯ ಪೆಟ್ಟಿಗೆ ತೆರೆಯಬೇಕಿತ್ತು, ತೆರೆಯಿತು. ಅದರೊಳಗೆ ಹೀಗಿತ್ತು: “ಯೋಚಿಸಿ ಒತ್ತಿ. ನಮ್ಮ ಯಜಮಾನರು ಯೋಚಿಸದೆ ಒತ್ತಿ ಮದುವೆಯ ಫೋಟೋ ಅಷ್ಟನ್ನೂ ಅಳಿಸಿದರು. ಈಗ ಮದುವೆಗೆ ಸಾಕ್ಷಿ ನಾನೊಬ್ಬಳೇ.”

ಗ್ರಾಹಕರಲ್ಲಿ ಹಿರಿಯರೊಬ್ಬರು ಅದನ್ನು ಕೋರ್ಟಿನ ತೀರ್ಪು ಓದುವ ಧ್ವನಿಯಲ್ಲಿ ಗಟ್ಟಿಯಾಗಿ ಓದಿದರು. ಯಾರೂ ನಗಲಿಲ್ಲ. ವಯಸ್ಸಿನಲ್ಲಿ ಮೇಡಂಗಿಂತ ಚಿಕ್ಕವನೂ ಸಂಬಳದಲ್ಲಿ ದೊಡ್ಡವನೂ ಆದ ತಂಡದ ಮುಖ್ಯಸ್ಥ ಮೆಲ್ಲಗೆ ಕತ್ತು ತಿರುಗಿಸಿದ.

“ಮೇಡಂ, ಇದು ನಿಮ್ಮದೇ ಅಲ್ವಾ?”

ಗಂಡನೋ ಸಾಲೋ ಎಂದು ಅವನು ಬಿಡಿಸಿ ಹೇಳಲಿಲ್ಲ. ಎರಡೂ ಅವರದೇ ಆದ್ದರಿಂದ ಮೇಡಂ ಬಾಯಿ ತುಂಬ ಬಿಸ್ಕತ್ತಿಟ್ಟುಕೊಂಡೇ ತಲೆಯಾಡಿಸಿದರು.

ಕಂಪನಿ ಮಾರುವುದು ಪರದೆಯ ಸಿದ್ಧ ಬಿಡಿಭಾಗಗಳನ್ನು: ಬಟನ್ನು, ತಾರೀಕಿನ ಪೆಟ್ಟಿಗೆ, ಎಚ್ಚರಿಕೆಯ ಪೆಟ್ಟಿಗೆ. ಯಾವುದನ್ನು ಎಲ್ಲಿ ಹೇಗೆ ಕೂರಿಸಬೇಕೆಂದು ಕೈಪಿಡಿ ಬರೆಯುವುದು ಮೇಡಂ ಕೆಲಸ, ಆ ಹೆಸರು ಬಂದದ್ದೂ ಅದರಿಂದಲೇ. ಒಣ ವಿಷಯ, ಓದುವವರಿಗೆ ಆಕಳಿಕೆ ಗ್ಯಾರಂಟಿ. ಅದಕ್ಕೇ ಪ್ರತಿ ಪುಟದ ತುದಿಯಲ್ಲಿ, ಉದಾಹರಣೆಯ ಜಾಗದಲ್ಲಿ, ಒಂದು ಚೇಷ್ಟೆಯ ಸಾಲು ಇಡುವುದು ಅವರ ರೂಢಿ. ಕೊನೆಯವರೆಗೆ ಓದಿದವರು ಅವರ ಮೇಜಿನ ಬಳಿ ಬಂದು ಆ ಸಾಲನ್ನು ಹೇಳಿ, ಯಜಮಾನರು ಕ್ಷೇಮವೇ ಎಂದು ವಿಚಾರಿಸಿ ಹೋಗುತ್ತಿದ್ದರು. ಹಾಗೆ ಯಾರಾದರೂ ಬಂದರೆ ಪುಟ ಗೆದ್ದಿತು ಎಂದರ್ಥ. ಈಚೆಗೆ ಯಾರೂ ಬರುತ್ತಿರಲಿಲ್ಲ. ತಮ್ಮ ಹಾಸ್ಯಕ್ಕೇ ವಯಸ್ಸಾಯಿತೇನೋ ಎಂದು ಮೇಡಂ ಅಂದುಕೊಂಡಿದ್ದರು. ಓದುಗರೇ ಎದ್ದುಹೋಗಿ ಆ ಜಾಗದಲ್ಲಿ ಯಂತ್ರ ಕೂತಿದೆಯೆಂದು ಗೊತ್ತಾದದ್ದು ಆವತ್ತೇ. ಪುಟವನ್ನು ತುದಿಯವರೆಗೆ, ಒಂದಕ್ಷರ ಬಿಡದೆ ಓದಿದ್ದು ಅದೊಂದೇ. ನಗು ಬಾರದ ಓದುಗ.

ಸಂಜೆ ಮನೆಯಲ್ಲಿ ಯಜಮಾನರು ಕಥೆ ಪೂರ್ತಿ ಕೇಳಿ, ನಕ್ಕರಾ ಎಂದಷ್ಟೇ ವಿಚಾರಿಸಿದರು. ಇಲ್ಲವೆಂದಾಗ ಟಿವಿ ಕಡೆ ತಿರುಗಿದರು. “ಹಾಗಾದ್ರೆ ನನ್ನ ಮರ್ಯಾದೆ ದಂಡಕ್ಕೆ ಹೋಯ್ತು ಬಿಡು.”

ಮಾರನೆಯ ದಿನ ಮುಖ್ಯಸ್ಥ ಕರೆಸಿದ. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಏಜೆಂಟುಗಳು ಕಂಪನಿಯ ಬಿಡಿಭಾಗಗಳ ಉಗ್ರಾಣದಲ್ಲಿ ಏನಿದೆಯೆಂದು ತಿಳಿಯದೆ, ಮನೆಯಲ್ಲಿ ಸುತ್ತಿಗೆ ಇದ್ದರೂ ಹೊಸ ಸುತ್ತಿಗೆ ತರುವ ಗಂಡಸರ ಹಾಗೆ, ಇರುವ ಬಟನ್ನನ್ನೇ ಮತ್ತೆ ಮತ್ತೆ ಕಟ್ಟುತ್ತಿದ್ದವಂತೆ. ಅದಕ್ಕೆ ಒಂದು ಹುಡುಕುವ ಉಪಕರಣ ಮಾಡಿದ್ದಾರೆ. ಏಜೆಂಟ್ ಬೇಕಾದ್ದನ್ನು ಕೇಳುತ್ತದೆ, ಉಪಕರಣ ಮೇಡಂ ಬರೆದ ಪುಟಗಳಿಂದಲೇ ಹೆಕ್ಕಿ ಕೊಡುತ್ತದೆ. ಹೆಕ್ಕುವಾಗ ಯಜಮಾನರೂ ಬಂದುಬಿಟ್ಟಿದ್ದರು. ಈಗ ಮೇಡಂ ಹಳೆಯ ಪುಟಗಳಿಂದ ಚೇಷ್ಟೆಯನ್ನೆಲ್ಲ ಕಿತ್ತುಹಾಕಿ, ಈ ಉಪಕರಣಕ್ಕೇ ಒಂದು ಕೈಪಿಡಿ ಬರೆಯಬೇಕು.

“ಇದನ್ನ ಮೇಲಿನವರು ಓದಿ ನೋಡ್ತಾರೆ ಮೇಡಂ. ಬರೆಯೋಕೆ ಮನುಷ್ಯರು ಬೇಕಾ ಬೇಡ್ವಾ ಅಂತ ಅದರ ಮೇಲೇ ತೀರ್ಮಾನ.”

ಬೇಡವೆಂದರೆ ಎಲ್ಲಿಗೆ ಎಂದು ಮೇಡಂ ಕೇಳಲಿಲ್ಲ. ದೂರು ವಿಭಾಗದಲ್ಲಿ ಯಾವಾಗಲೂ ಒಂದು ಕುರ್ಚಿ ಖಾಲಿ ಇರುತ್ತದೆ. ಕೂತವರು ಬಹಳ ದಿನ ಕೂರುವುದಿಲ್ಲ.

ಮೇಡಂ ಬರೆದರು. ‘ಹೊಸದು ಕಟ್ಟುವ ಮೊದಲು ಇಲ್ಲಿ ಕೇಳು. ಹೆಸರು ಗೊತ್ತಿಲ್ಲದಿದ್ದರೆ ಆಗಬೇಕಾದ ಕೆಲಸ ಹೇಳು. ಸಿಗದಿದ್ದರೆ ಸಿಗಲಿಲ್ಲ ಎನ್ನು, ಸಿಕ್ಕಂತೆ ನಟಿಸಬೇಡ. ಉದಾಹರಣೆಯ ಮಾತನ್ನು ಗ್ರಾಹಕರ ಪುಟಕ್ಕೆ ಹಾಕಬೇಡ.’ ಮಾತೆಲ್ಲ ಚಿಕ್ಕದು, ಎಲುಬಿನಷ್ಟು ಒಣ. ನಟಿಸಬೇಡ ಎಂಬುದನ್ನು ಮುಖ್ಯಸ್ಥನ ಬಾಗಿಲಿಗೂ ಅಂಟಿಸಬಹುದಿತ್ತು ಅನ್ನಿಸಿತು. ಹಳೆಯ ಪುಟಗಳಿಂದ ಯಜಮಾನರನ್ನು ಒಂದೊಂದಾಗಿ ಅಳಿಸಿದರು, ಈ ಸಲ ಯೋಚಿಸಿಯೇ ಒತ್ತಿ. ಎಲ್ಲ ಮುಗಿದ ಮೇಲೆ ಕೈ ಸುಮ್ಮನಿರಲಿಲ್ಲ. ಹೊಸ ಕೈಪಿಡಿಯ ತುದಿಗೆ ಒಂದು ಸಾಲು ಸೇರಿಸಿ ಮೇಲಿನವರಿಗೆಲ್ಲ ಕಳಿಸಿದರು: ‘ಇಲ್ಲಿಯವರೆಗೆ ಓದಿದವರು ನನ್ನ ಮೇಜಿಗೆ ಬನ್ನಿ, ಕಾಫಿ ನನ್ನದು.’

ಒಬ್ಬರಾದರೂ ಬಂದರೆ ಸಾಕಿತ್ತು. ಓದುವವರಿದ್ದಾರೆ ಎಂದಮೇಲೆ ಬರೆಯುವವರೂ ಇರಲಿ ಎಂದು ವಾದಿಸಬಹುದಿತ್ತು. ಮೇಡಂ ಊಟಕ್ಕೂ ಮೇಜು ಬಿಟ್ಟು ಏಳಲಿಲ್ಲ. ಒಬ್ಬ ಬಂದ; ಚಾರ್ಜರ್ ಕೇಳಿಕೊಂಡು ಹೋದ. ಒಬ್ಬರ ಹಿಂದೊಬ್ಬರು ‘ಓದಿದೆ, ಬಹಳ ಚೆನ್ನಾಗಿದೆ’ ಎಂದು ಉತ್ತರ ಕಳಿಸಿದರು. ಎಲ್ಲರ ಉತ್ತರದ ಕೆಳಗೂ ಒಂದೇ ಟಿಪ್ಪಣಿ ಅಂಟಿಕೊಂಡಿತ್ತು, ಏಜೆಂಟ್ ಬರೆದುಕೊಟ್ಟದ್ದು: ಕೈಪಿಡಿ ಸ್ಪಷ್ಟವಾಗಿದೆ, ಇಂಥದ್ದನ್ನು ಇನ್ನು ಮುಂದೆ ಏಜೆಂಟೇ ಬರೆಯಬಲ್ಲದು, ಕೊನೆಯ ಸಾಲು ಉಪಕರಣಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ ತೆಗೆಯುವುದು ಸೂಕ್ತ.

ಮೇಡಂ ತೆಗೆದರು.

ಸಂಜೆ ಮುಖ್ಯಸ್ಥ ತಾನೇ ಮೇಜಿನವರೆಗೆ ಬಂದ. ಮೇಲಿನವರಿಗೆಲ್ಲ ತುಂಬ ಹಿಡಿಸಿತೆಂದೂ, ಮುಂದಿನ ತಿಂಗಳಿಂದ ಮೇಡಂ ದೂರು ವಿಭಾಗಕ್ಕೆ ಎಂದೂ ಒಂದೇ ಉಸಿರಿನಲ್ಲಿ ಹೇಳಿದ. ಹೊರಟವನು ಏನೋ ನೆನಪಾಗಿ ನಿಂತ.

“ಅಂದ ಹಾಗೆ ಮೇಡಂ, ಕೊನೇಲಿ ಏನೋ ಕಾಫಿ ಅಂತ ಇತ್ತಂತಲ್ಲ, ಯಾರಿಗೆ ಅದು?”

“ಓದಿದವರಿಗೆ ಸಾರ್,” ಎಂದರು ಮೇಡಂ. “ಆದ್ರೆ ಓದಿದ್ದು ಏಜೆಂಟು, ಅದು ಕಾಫಿ ಕುಡಿಯಲ್ವಂತೆ.”