ಸದ್ದಿಗೆ ಕಿವಿಗೊಟ್ಟವಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜಿನ ಷಟರ್ ಅರ್ಧಕ್ಕೆ ಎತ್ತಿದೆ. ಒಳಗೆ ಮೇಸ್ತ್ರಿ ನೆಲದ ಮೇಲೆ ಕುಳಿತು, ಮೂರು ಚಕ್ರದ ಸ್ಕೂಟರಿಗೆ ಹೊಸದಾಗಿ ಕೂರಿಸಿದ ಕಾರ್ಬ್ಯುರೇಟರಿನ ಕೊನೆಯ ನಟ್ಟು ಬಿಗಿಯುತ್ತಿದ್ದಾರೆ. ಪಕ್ಕದಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಅವರ ಹೆಂಡತಿ. ಕೈಯಲ್ಲಿ ಸ್ಪ್ಯಾನರ್ ಇಲ್ಲ, ಎಣ್ಣೆಬಟ್ಟೆಯೂ ಇಲ್ಲ. ಶಾಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ. ಮೇಸ್ತ್ರಿ ಕಿಕ್ ಹೊಡೆಯುತ್ತಾರೆ. ಆಕೆ ಕಣ್ಣು ಮುಚ್ಚುತ್ತಾರೆ.

ಕೇಳಿಸಿಕೊಳ್ಳುವುದು, ಆಕೆಯ ಕೆಲಸ ಅಷ್ಟೇ.

ಇಂಜಿನ್‌ಗಳ ಪಕ್ಕದಲ್ಲೇ ಆಯುಷ್ಯ ಕಳೆದ ಮೇಸ್ತ್ರಿಯ ಕಿವಿ ಕೆಲವು ವರ್ಷಗಳಿಂದ ಮಂದವಾಗುತ್ತಾ ಬಂದಿದೆ. ಮೊದಲು ಹೋದದ್ದು ಸಣ್ಣ ಸದ್ದುಗಳು. ಒಂದು ಮಧ್ಯಾಹ್ನ ಊಟದ ಡಬ್ಬಿ ತಂದ ಆಕೆಯ ಮುಂದೆಯೇ, ಮೇಸ್ತ್ರಿ ರಿಪೇರಿ ಮುಗಿಸಿ ಕೊಟ್ಟ ಗಾಡಿಯೊಂದು ಕಿರ್ರೆನ್ನುತ್ತಾ ರಸ್ತೆಗಿಳಿಯಿತು. "ಅದ್ಯಾಕ್ರೀ ಹಾಗೆ ಅಳುತ್ತೆ?" ಎಂದು ಆಕೆ ಕೇಳಿದರು. ಮೇಸ್ತ್ರಿಗೆ ಆ ಸದ್ದು ಕೇಳಿಸಿಯೇ ಇರಲಿಲ್ಲ. ಮರುದಿನದಿಂದ ಆಕೆ ಡಬ್ಬಿ ಇಟ್ಟು ಮನೆಗೆ ತಿರುಗಲಿಲ್ಲ, ಗ್ಯಾರೇಜಿನಲ್ಲೇ ಉಳಿದರು.

"ಮೊದಮೊದಲು ನಂಗೆ ಎಲ್ಲಾ ಒಂದೇ ಗಲಾಟೆ ಅನ್ಸೋದು," ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ ಆಕೆ. "ಇವ್ರು ಬಾಯಲ್ಲೇ ಸದ್ದು ಮಾಡಿ ಕಲಿಸ್ತಿದ್ರು. ಬೇರಿಂಗ್ ಹೋದ್ರೆ ಹೀಗೆ, ಪಿಸ್ಟನ್ ಸವೆದ್ರೆ ಹೀಗೆ ಅಂತ. ಅಡುಗೆಮನೇಲೂ ಅದೇ ಪಾಠ. ಪಕ್ಕದ ಮನೆಯವ್ರು ಇಬ್ರಿಗೂ ತಲೆ ಕೆಟ್ಟಿದೆ ಅಂದ್ಕೊಂಡಿದ್ರು."

ದಿನಕ್ಕೆ ಏಳೆಂಟು ಗಾಡಿ ಬರುತ್ತವೆ. ಗಿರಾಕಿಗಳಿಗೆ ಈ ಗುಟ್ಟು ಗೊತ್ತಿಲ್ಲ. ಅವರು ದೂರು ಹೇಳುವಾಗ ಆಕೆ ಅವರ ಬೆನ್ನ ಹಿಂದೆ ನಿಂತು, ಮೇಸ್ತ್ರಿಗೆ ಕಾಣುವಂತೆ ತುಟಿ ಆಡಿಸುತ್ತಾರೆ. ಗೊತ್ತಾದರೆ ಯಾರೂ ಇತ್ತ ತಲೆ ಹಾಕುವುದಿಲ್ಲ ಎಂಬ ಭಯ ಆಕೆಗೆ. ತನ್ನ ಕಿವಿಯೇ ಒಂದು ದಿನ ಮೋಸ ಮಾಡಿದರೆ ಎಂಬುದು ಅದಕ್ಕಿಂತ ದೊಡ್ಡ ಭಯ.

ಇವತ್ತಿನ ಗಾಡಿಯಂತೂ ಆಕೆಯ ನಿದ್ದೆಯನ್ನೇ ಕೆಡಿಸಿದೆ. ಗುಡ್ಡದ ಮೇಲಿನ ಮನೆಗಳಲ್ಲಿ ಉಸಿರಾಟದ ತೊಂದರೆಯಿರುವ ರೋಗಿಗಳಿಗೆ ಆಮ್ಲಜನಕದ ಸಿಲಿಂಡರ್ ಒಯ್ಯುವ ಸ್ಕೂಟರ್ ಅದು. ಭಾರ ಎಳೆಯಲೆಂದು ಇಂಜಿನ್ನಿನ ಒಳಗನ್ನು ಕೊರೆಸಿ ದೊಡ್ಡದು ಮಾಡಿಸಲಾಗಿದೆ. ಆದರೆ ಪೆಟ್ರೋಲು, ಗಾಳಿ ಬೆರೆಸಿ ಅದಕ್ಕೆ ಊಡಿಸುವ ಕಾರ್ಬ್ಯುರೇಟರ್ ಹಳೆಯದೇ ಉಳಿದಿತ್ತು. ದೊಡ್ಡ ಹೊಟ್ಟೆಗೆ ಸಣ್ಣ ಬಾಯಿ. ಹೋದ ವಾರ ಏರಿನ ನಡುವೆ ಗಾಡಿ ಕೆಮ್ಮಿ ನಿಂತುಬಿಟ್ಟಿತು. ಗಾಡಿಯವನು ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಹತ್ತಿದ.

ಅದಕ್ಕೇ ಈಗ ದೊಡ್ಡ ಬಾಯಿಯ ಕಾರ್ಬ್ಯುರೇಟರ್. ಇಂಜಿನ್ನಿಗೂ ಅದಕ್ಕೂ ಅಳತೆ ಕೂಡದ್ದರಿಂದ ನಡುವೆ ಒಂದು ತಗಡು ಸೇರಿಸಿದ್ದಾರೆ. ಮೇಸ್ತ್ರಿ ಪ್ಲಗ್ ಬಿಚ್ಚಿ ನೋಡುತ್ತಾರೆ. ಕಾಫಿಪುಡಿಯ ಬಣ್ಣ. ಪೆಟ್ರೋಲು, ಗಾಳಿ ಹದವಾಗಿ ಬೆರೆತಿವೆ ಎಂದರ್ಥ. ಮತ್ತೆ ಚಾಲೂ ಮಾಡಿ ಅಂಗೈಯನ್ನು ಇಂಜಿನ್ ಮೇಲಿಟ್ಟು ತಲೆಯಾಡಿಸುತ್ತಾರೆ.

"ಆಯ್ತಲ್ಲ ಮೇಸ್ತ್ರಿ? ಮೇಲೆ ಕಾಯ್ತಿದಾರೆ," ಎಂದು ಬಾಗಿಲ ಬಳಿ ಕಾದಿದ್ದ ಗಾಡಿಯವನು ಬೀಗದ ಕೈಗೆ ಕೈಚಾಚುತ್ತಾನೆ.

"ಸ್ವಲ್ಪ ಇರಪ್ಪಾ," ಎನ್ನುತ್ತಾರೆ ಆಕೆ. ಗಂಡನ ಭುಜ ಮುಟ್ಟಿ, ಮುಖಕ್ಕೆ ಮುಖ ಕೊಟ್ಟು ಹೇಳುತ್ತಾರೆ: "ಎಕ್ಸಲರೇಟರ್ ಬಿಟ್ಟ ಮೇಲೂ ಸದ್ದು ಇಳೀತಿಲ್ಲ. ಒಂದು ಗಳಿಗೆ ಮೇಲೇ ನಿಲ್ಲುತ್ತೆ."

"ಪ್ಲಗ್ ಸರಿಯಾಗಿದೆಯಲ್ಲೇ."

"ಇರ್ಬೋದು. ಇಳೀತಿಲ್ಲ ರೀ."

ಮೇಸ್ತ್ರಿ ವಾದ ಬೆಳೆಸುವುದಿಲ್ಲ. ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದ್ದರೆ, ಏರಿನಲ್ಲಿ ಪಿಸ್ಟನ್ ಕಾದು ಕಚ್ಚಿಕೊಂಡೀತು ಎಂದು ಅವರಿಗೆ ಗೊತ್ತು. ತಗಡಿನ ಸಂದಿಯ ಸುತ್ತ ಎಣ್ಣೆ ಹನಿಸುತ್ತಾ ಹೋಗುತ್ತಾರೆ. ಮೇಲ್ಭಾಗ, ಎಡಬದಿ, ಏನೂ ಇಲ್ಲ. ಗಾಡಿಯವನು ಬಾಗಿಲಾಚೆ ಹೋಗಿ ಬರುತ್ತಾನೆ. ಕೆಳಗಿನ ಮೂಲೆಗೆ ಬಿದ್ದ ಎಣ್ಣೆ ಗಾಳಿಯ ದಾರಿ ಮುಚ್ಚಿದ್ದೇ ತಡ ಸದ್ದು ಕುಸಿಯುತ್ತದೆ. ಆಕೆ ಕೈ ಎತ್ತುತ್ತಾರೆ.

ಬಿಚ್ಚಿ ನೋಡಿದರೆ ತಗಡು ಕೂದಲೆಳೆಯಷ್ಟು ಸೊಟ್ಟ. ಮೇಸ್ತ್ರಿ ಗಾಜಿನ ಮೇಲೆ ಉಜ್ಜುಕಾಗದ ಹಾಸಿ ಅದನ್ನು ತಿಕ್ಕಿ ಸಮ ಮಾಡುತ್ತಾರೆ, ಗಾಳಿ ಸೋರದಂತೆ ಹೊಸ ಗ್ಯಾಸ್ಕೆಟ್ ಕೂರಿಸುತ್ತಾರೆ. ಈಗ ಕೈ ಬಿಟ್ಟ ಕೂಡಲೇ ಇಂಜಿನ್ ತಣ್ಣಗೆ ಇಳಿಯುತ್ತದೆ. ಆಕೆಗೆ ಅಷ್ಟು ಸಾಲದು. ಸಿಲಿಂಡರ್ ಪಕ್ಕದಲ್ಲೇ ಹತ್ತಿ ಕೂರುತ್ತಾರೆ.

ಏರಿನುದ್ದಕ್ಕೂ ಆಕೆಯ ಕಿವಿ ಇಂಜಿನ್ನಿನ ಮೇಲೇ. ಒಂದು ಕೈ ಸಿಲಿಂಡರಿನ ಕುತ್ತಿಗೆಯಲ್ಲಿ, ಇನ್ನೊಂದು ಬಾಯಿಯ ಮೇಲೆ. ಕಡಿದಾದ ತಿರುವಿನಲ್ಲಿ ಸದ್ದು ದಪ್ಪವಾಗುತ್ತದೆ. ಗಾಡಿ ಮಾತ್ರ ಭಾರ ಹೊತ್ತ ಎತ್ತಿನಂತೆ ಒಂದೇ ಹದದಲ್ಲಿ ಎಳೆದುಕೊಂಡು ಮೇಲೇರುತ್ತದೆ. ತುದಿಯ ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸು ಓಡಿ ಬಂದು ಸಿಲಿಂಡರ್ ಇಳಿಸಲು ಕೈಜೋಡಿಸುತ್ತಾಳೆ.

ಆಕೆ ನಡೆದೇ ಇಳಿದು ಬಂದಾಗ ಮೇಸ್ತ್ರಿ ರಸ್ತೆಯಲ್ಲೇ ನಿಂತಿದ್ದಾರೆ. ಗಾಡಿ ನಿಂತರೆ ಅವರಿಗೆ ಇಲ್ಲಿಂದ ಕೇಳಿಸುವುದೂ ಇಲ್ಲ. ಹೆಂಡತಿಯ ಮುಖ ಕಂಡ ಮೇಲಷ್ಟೇ ಹೆಗಲು ಸಡಿಲಾಗುತ್ತದೆ.

"ಕಿವಿಯ ವಿಷಯ ಪೇಪರಲ್ಲಿ ಬರೋದು ಬೇಡ," ಎಂದು ಆಕೆ ಬೇಡಿಕೊಳ್ಳುತ್ತಾರೆ. "ಇರೋ ನಾಲ್ಕು ಗಿರಾಕಿನೂ ಹೋಗ್ತಾರೆ."

ತುಟಿ ಓದಿದ ಮೇಸ್ತ್ರಿ ಅಡ್ಡ ತಲೆಯಾಡಿಸುತ್ತಾರೆ. "ಬರೀರಿ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ. ಆದ್ರೆ ಮೇಸ್ತ್ರಿಗೆ ಕಿವಿ ಕೇಳಲ್ಲ ಅಂತ ಬರೆದು ಅಲ್ಲಿಗೇ ನಿಲ್ಲಿಸ್ಬೇಡಿ. ಇವಳಿಗೆ ಕೇಳಿಸುತ್ತೆ ಅಂತಾನೂ ಬರೀರಿ."