ನೀಲವ್ವ ನಿಂತ ಹಲಗೆ

ಮೊನ್ನೆ ಸಿಂಧನೂರಿನ ಸಾಮಿಲ್ಲಿಗೆ ಹೋಗಿದ್ದೆ. ಮಂಚದ ಮೇಲೆ ನನಗಿಂತ ಹೆಚ್ಚು ಜಾಗ ಹಿಡಿದು ಮಲಗಿರುವ ಪುಸ್ತಕಗಳನ್ನು ಗೋಡೆಗೇರಿಸದಿದ್ದರೆ ಅವುಗಳ ಜೊತೆ ನನ್ನನ್ನೂ ಪಡಸಾಲೆಗೆ ಹಾಕುವುದಾಗಿ ಹೆಂಡತಿ ಹೇಳಿದ್ದಳು. ಆಗತಾನೆ ಕೊಯ್ದ ಬೇವಿನ ವಾಸನೆ ಗಂಟಲಿಗೇ ಬರುತ್ತಿತ್ತು. ಎರಡು ಹಲಗೆ ಬೇಕು ಎಂದೆ. ಮಿಲ್ಲಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎದಕ್ಕ ಬೇಕ್ರೀ ಸರ? ಬರೇ ಹಲಗಿ ಅಂದ್ರ ನಮಗ ತಿಳಿಯಂಗಿಲ್ಲ" ಎಂದ. ಬದುಕಿಡೀ ಕನ್ನಡ ಕಲಿಸಿದವನಿಗೆ ಈ ಮಾತು ಚುರುಕ್ಕೆಂದಿತು.

ಅವನದೇನು ತಪ್ಪು, ನೀವೇ ಹೇಳಿ. ನಾವು ಹಲಗೆ ಅನ್ನುವುದು ಒಂದಕ್ಕೆ ಮಾತ್ರವೇ? ನಾನು ಹೊಟ್ಟೆ ಹೊರೆದದ್ದು ಕರಿಹಲಗೆಯ ಮುಂದೆ. ಮಸ್ಕಿಯಲ್ಲಿ ನನ್ನ ಸೋದರಮಾವನ ಕಿರಾಣಿ ಅಂಗಡಿಗೆ ಕದವೇ ಇರಲಿಲ್ಲ, ಒಂದರ ಪಕ್ಕ ಒಂದು ಸಿಕ್ಕಿಸುವ ಹಲಗೆಗಳಿದ್ದವು; ಸಾಲು ತಪ್ಪಿದರೆ ಕೊನೆಯದು ಕೂರದೆ ಮಾವ ಬೆವರುತ್ತಿದ್ದ. ಲಿಂಗಸುಗೂರಿನ ನಮ್ಮ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದದ್ದು ಹಲಗೆಯ ಮೇಲೆ, ಅಪ್ಪ ಲಿಂಗಪೂಜೆಗೆ ಕೂರುತ್ತಿದ್ದದ್ದು ಹಲಗೆಯ ಮೇಲೆ. ಹಟ್ಟಿಯ ಗಣಿಯಲ್ಲಿದ್ದ ಚಿಕ್ಕಪ್ಪ ನೆಲದೊಳಗೆ ತಲೆಯ ಮೇಲೂ ಹಲಗೆ ಇರುತ್ತದೆ ಎಂದು ಹೇಳಿ ನಮ್ಮನ್ನು ಹೆದರಿಸುತ್ತಿದ್ದ. ಇಷ್ಟು ಸಾಲದೆಂಬಂತೆ ಚರ್ಮ ಬಿಗಿದು ಬಾರಿಸುವ ವಾದ್ಯವೂ ಹಲಗೆಯೇ. ಅದರಲ್ಲಿ ಹಲಗೆ ಎಲ್ಲಿದೆಯೋ ನಾನು ಇವತ್ತಿಗೂ ಕಾಣೆ.

ಈ ಗೊಂದಲ ನನಗೆ ಹೊಸದಲ್ಲ. ಇದರಿಂದಾಗಿಯೇ ಒಮ್ಮೆ ಒಂದು ಊರಿನ ಮುಂದೆ ಬೆಪ್ಪಾಗಿ ನಿಂತಿದ್ದೇನೆ.

ನಮ್ಮ ಸೀಮೆಗೆ ಅಣೆಕಟ್ಟಿನ ಕಾಲುವೆಯ ನೀರು ಬಂದು ಎರಡೋ ಮೂರೋ ವರ್ಷ ಆಗಿರಬೇಕು. ನನಗೆ ಇಪ್ಪತ್ತೆರಡು, ಜವಳಗೇರಾ ಶಾಲೆಗೆ ಹೊಸ ಮಾಸ್ತರ. ಜೋಳ ಬಿತ್ತಿ ಮುಗಿಲು ನೋಡುತ್ತಿದ್ದ ಊರು ಒಮ್ಮೆಲೇ ನೆಲ್ಲು ಹಚ್ಚಲು ಹೊರಟಿತ್ತು, ಹೇಗೆ ಎಂಬುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಂಧ್ರದಿಂದ ಬಂದು ಕ್ಯಾಂಪ್ ಹಾಕಿಕೊಂಡಿದ್ದ ರೈತರನ್ನು ನೋಡಿ ಕಲಿಯುತ್ತಿದ್ದರು. ಆ ರೈತರು ಹೊಲಕ್ಕೆ ನೀರು ಕಟ್ಟಿ, ಉತ್ತು, ಕೆಸರು ಮಾಡಿದ ಮೇಲೆ ಎತ್ತುಗಳ ಹಿಂದೆ ಉದ್ದನೆಯ ಹಲಗೆಯೊಂದನ್ನು ಕಟ್ಟಿ ಎಳೆಸುತ್ತಿದ್ದರು. ಭಾರಕ್ಕೆಂದು ಅದರ ಮೇಲೆ ಒಬ್ಬರು ನಿಲ್ಲಬೇಕು. ಹಾಗೆ ಮಾಡಿದರೆ ಹೊಲ ಸಮವಾಗುತ್ತದೆ. ಇಲ್ಲದಿದ್ದರೆ ಒಂದು ಮೂಲೆಯ ಸಸಿ ಮುಳುಗಿ ಕೊಳೆಯುತ್ತದೆ, ಇನ್ನೊಂದು ಮೂಲೆಯದು ಒಣಗುತ್ತದೆ.

ಊರಲ್ಲಿ ನೀಲವ್ವ ಎಂಬ ಹೆಣ್ಣುಮಗಳಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ಕಾಲುವೆಯ ದಂಡೆಗೆ ಮೂರು ಎಕರೆ ಇತ್ತು. ಈ ಸಲ ಅವಳ ಕೈಲಿ ನಾಟಿ ಆಗದಿದ್ದರೆ ಹೊಲ ತನಗೆ ಬಿಡಬೇಕು ಎಂದು ಮೈದುನ ಶರಣಪ್ಪ ಹಿರಿಯರ ಎದುರಿಗೆ ಮಾತು ಮಾಡಿಸಿಕೊಂಡಿದ್ದ. "ನೀ ಕುಂತು ಉಣ್ಣು ಅತ್ತಿಗಿ, ಹೊಲದ ಗೊಡವಿ ನಿನಗ್ಯಾಕ" ಎನ್ನುತ್ತಿದ್ದ. ಕೆಟ್ಟವನಲ್ಲ, ಅದು ಅವಳಿಗೆ ಒಳ್ಳೆಯದೆಂದೇ ನಂಬಿದ್ದ. ಕುಳಿತು ಉಣ್ಣಲು ಒಪ್ಪಿದರೆ ಹೊಲ ಮರಳಿ ಬರುವುದಿಲ್ಲ ಎಂಬುದು ಮಾತ್ರ ನೀಲವ್ವನಿಗೆ ಚೆನ್ನಾಗಿ ಗೊತ್ತಿತ್ತು.

ಹನುಮಂತ ಎಂಬ ವಯಸ್ಸಾದ ಆಳಿನಿಂದ ಅವಳು ಕೆಸರು ಮಾಡಿಸಿದ್ದಳು. ಎತ್ತು ಹೊಡೆಯಲು ಅವನಿದ್ದ, ಹಲಗೆಯ ಮೇಲೆ ನಿಲ್ಲಲು ಯಾರೂ ಸಿಗಲಿಲ್ಲ. ನೀರು ಎಲ್ಲರಿಗೂ ಒಂದೇ ಸಲ ಬಂದಿತ್ತು. ಬಿಡುವಿದ್ದ ಒಬ್ಬಿಬ್ಬರು ಶರಣಪ್ಪನ ಮುಖ ನೋಡಿ ಹಿಂದೆ ಸರಿದರು. ಅವಳ ನೀರಿನ ಪಾಳಿ ಮರುದಿನ ಸಂಜೆಗೆ ಮುಗಿಯುವುದಿತ್ತು. ಆಗ ಅವಳು, "ನಾನ ನಿಂದರತೀನಿ" ಎಂದುಬಿಟ್ಟಳು.

ಊರು ಗಲಿಬಿಲಿಗೊಂಡಿತು. ನಮ್ಮ ಕಡೆ ಹೆಂಗಸರು ಕಳೆ ಕೀಳಬಹುದು, ಬೀಜ ಬಿಡಬಹುದು, ರಾಶಿ ತೂರಬಹುದು, ನೇಗಿಲು ಮಾತ್ರ ಮುಟ್ಟುವಂತಿಲ್ಲ. ಮುಟ್ಟಿದರೆ ಮಳೆ ಹೋಗುತ್ತದೆ ಎಂದು ನಂಬಿಕೆ. ನೇಗಿಲಿನ ವಿಷಯ ಅಜ್ಜಂದಿರು ಹೇಳಿಹೋಗಿದ್ದರು. ಈ ಹಲಗೆ ಅವರ ಕಾಲದಲ್ಲಿ ಹೊಲಕ್ಕೇ ಇಳಿದಿರಲಿಲ್ಲ. ಇದು ನೇಗಿಲಿನ ಕಡೆಯದೋ ಮನೆಯ ಕಡೆಯದೋ? ಹಿರಿಯರಿಗೆ ತಿಳಿಯದೆ, ಊರಿಗೆ ಓದಿದವನು ನಾನೊಬ್ಬನೇ ಎಂದು ಎಲ್ಲರೂ ಶಾಲೆಯ ಕಟ್ಟೆಗೆ ಬಂದರು.

"ನೊಗಕ್ಕ ಕಟ್ಟೂದ್ರಿ, ಎತ್ತು ಎಳೀತಾವ. ಅಂದಮ್ಯಾಲ ನೇಗಿಲ ಜಾತಿನ" ಎಂದ ಶರಣಪ್ಪ.

ನೀಲವ್ವ ಕಂಬದ ಪಕ್ಕದಲ್ಲಿ ಸೆರಗು ಹೊದ್ದು ನಿಂತಿದ್ದಳು. "ಹಲಗಿ ಮ್ಯಾಲ ರೊಟ್ಟಿ ಬಡಿಯಾಕ ನಾ ಬೇಕು, ಹಲಗಿ ತೊಳಿಯಾಕ ನಾ ಬೇಕು. ನಿಂದರಾಕ ಮಾತ್ರ ಬ್ಯಾಡೇನು? ಮಳಿ ಹೋಗತೈತಿ ಅಂತೀರಿ. ನೀರು ಕಾಲುವಿಂದ ಬರಾಕತ್ತೈತಿ. ನಾ ಹೆಣ್ಣೋ ಗಂಡೋ ಕಾಲುವಿಗೇನು ಗೊತ್ತು?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೇಳ್ರಿ ಮಾಸ್ತರ್ರ, ನಾ ನಿಂದರಬೌದೇನು?" ಎಂದು ಕೇಳಿದಳು.

ನಾನು ಏನೆಂದೆ ಗೊತ್ತೇ? "ನಾಳೆ ಮುಂಜಾನೆ ಹೇಳ್ತೀನಿ" ಎಂದೆ.

ಅಂದು ಶಾಲೆ ಬಿಟ್ಟ ಮೇಲೆ ಪೆಟ್ಟಿಗೆಯಿಂದ ನಿಘಂಟು ತೆಗೆದೆ. ಹಲಗೆಗೆ ಅದರಲ್ಲಿ ಸಾಲುಸಾಲು ಅರ್ಥ. ಯುದ್ಧದಲ್ಲಿ ಹಿಡಿಯುವ ಗುರಾಣಿಯೂ ಹಲಗೆಯಂತೆ. ಗುರಾಣಿ ಹಿಡಿಯುವವನು ಗಂಡಸು, ಅಂದರೆ ಶರಣಪ್ಪ ಸರಿ. ಪುಟ ತಿರುವಿದರೆ ಕೂರುವ ಮಣೆ. ಹಾಗಾದರೆ ನೀಲವ್ವ ಸರಿ. ಕರಿಹಲಗೆಯ ಮೇಲೆ ಗೆರೆ ಎಳೆದು ಮನೆಯ ಹಲಗೆಗಳನ್ನು ಎಡಕ್ಕೆ, ಹೊರಗಿನವನ್ನು ಬಲಕ್ಕೆ ಬರೆದೆ. ಅಂಗಡಿಯ ಹಲಗೆ ಯಾವ ಕಡೆಗೆ ಎಂದು ಒಂದು ತಾಸು ಕುಳಿತೆ. ಬರೆದ ಹಲಗೆಯನ್ನೇ ಎಲ್ಲಿ ಸೇರಿಸುವುದು ಎಂದು ತಲೆ ಕೆಟ್ಟಿತು.

ಇಷ್ಟು ಹೇಳಿ ನಿಲ್ಲಿಸಿದರೆ ನೀವು ನನ್ನನ್ನು ಪಾಪದ ಪಂಡಿತ ಎಂದುಕೊಂಡೀರಿ. ಇನ್ನೊಂದು ಮಾತಿದೆ. ನಾನು ಎರಡು ಹೊತ್ತು ಉಣ್ಣುತ್ತಿದ್ದದ್ದು ಶರಣಪ್ಪನ ಮನೆಯಲ್ಲಿ. ಆ ದಿನ ಊಟಕ್ಕೆ ಕೂತಾಗ ಅವನು ಈ ವಿಷಯ ಎತ್ತಲೇ ಇಲ್ಲ, ರೊಟ್ಟಿಯ ಮೇಲೆ ಬೆಣ್ಣೆ ಮಾತ್ರ ತುಸು ಹೆಚ್ಚು ಬಿತ್ತು. ಅದನ್ನು ತಿಂದೆ. ನನ್ನ ಗೊಂದಲದಲ್ಲಿ ಎಷ್ಟು ಪಾಲು ನಿಘಂಟಿನದು, ಎಷ್ಟು ಬೆಣ್ಣೆಯದು ಎಂದು ಕೇಳಿದರೆ ಈಗಲೂ ತಡವರಿಸುತ್ತೇನೆ.

ಮುಂಜಾನೆ ಹಿರಿಯರು ಬಂದು ಕೂತರು. ಒಂದು ದೃಷ್ಟಿಯಿಂದ ಹೀಗೆ, ಇನ್ನೊಂದು ದೃಷ್ಟಿಯಿಂದ ಹಾಗೆ ಎಂದು ನಾನು ಕರಿಹಲಗೆಯ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡಿದೆ. ಗುರಾಣಿಗೆ ಬಂದಾಗ ಒಬ್ಬರು ಆಕಳಿಸಿದರು. ಅಷ್ಟರಲ್ಲಿ ಯಾರೋ ಬಂದು, "ಇಲ್ಲೇನು ಕುಂತೀರಿ? ನೀಲವ್ವ ಹೊಲಕ್ಕಿಳಿದಾಳ" ಎಂದರು. ಕಟ್ಟೆ ಖಾಲಿಯಾಯಿತು. ಸುಣ್ಣದಕಡ್ಡಿ ಹಿಡಿದುಕೊಂಡೇ ನಾನೂ ಹಿಂದೆ ಹೋದೆ.

ಅಟ್ಟದ ಹಲಗೆ ಕಿತ್ತು ತಂದಿದ್ದಳು. ಸೀರೆ ಎತ್ತಿ ಕಟ್ಟಿ, ಎರಡು ಕೈಯಲ್ಲಿ ಹಗ್ಗ ಹಿಡಿದು, ಕಾಲು ಅಗಲಿಸಿ ನಿಂತಿದ್ದಳು. ಹನುಮಂತ ತಿರುಗಿ ನೋಡದೆ ಎತ್ತು ಹೊಡೆಯುತ್ತಿದ್ದ. ನಮ್ಮ ಎದುರಿಗೇ ಎರಡು ಸಲ ಕೆಸರಿಗೆ ಬಿದ್ದಳು, ಎದ್ದು ಮತ್ತೆ ಹತ್ತಿದಳು. ನಾವು ಬದುವಿನ ಮೇಲೆ ಸಾಲಾಗಿ ನಿಂತೆವು. ಶರಣಪ್ಪ ಸ್ವಲ್ಪ ಹೊತ್ತು ನೋಡಿ ಮನೆಗೆ ಹೋದ. ಮಧ್ಯಾಹ್ನಕ್ಕೆ ನೀರು ಮೂರೂ ಎಕರೆಯಲ್ಲಿ ಅಲುಗದೆ ನಿಂತಿತು. ಆ ವಾರವೇ ನಾಟಿಯೂ ಆಯಿತು, ಹೊಲ ಅವಳಿಗೇ ಉಳಿಯಿತು.

ಎಲ್ಲರೂ ಹೋದ ಮೇಲೆ ಅವಳು ಕಾಲುವೆಯಲ್ಲಿ ಕೈಕಾಲು ತೊಳೆಯುತ್ತಿದ್ದಳು. ಮಾತಾಡದೆ ಹೋಗಲು ಮನಸ್ಸಾಗದೆ, "ನೀಲವ್ವಾರ, ಆ ಶಬ್ದಕ್ಕ ಭಾಳ ಅರ್ಥ ಅದಾವ್ರಿ, ಅದಕ್ಕ ತಡ ಆತು" ಎಂದೆ. ಅವಳು ಸಿಟ್ಟಾಗಲಿಲ್ಲ. ದಣಿದ ದನಿಯಲ್ಲಿ, "ಅರ್ಥ ಯಾರು ಕೇಳಿದ್ರು ಮಾಸ್ತರ್ರ? ನೀವು ಹೂಂ ಅಂತೀರೇನು ಅಂತ ಕೇಳಿದ್ದೆ. ಒಬ್ಬರರ ಹೂಂ ಅಂದಿದ್ರ ಕಾಲು ನಡಗತಿದ್ದಿಲ್ಲ" ಎಂದಳು.

ಮರುವರ್ಷ ನನಗೆ ಗೊರೇಬಾಳಕ್ಕೆ ವರ್ಗವಾಯಿತು. ಆಮೇಲೆ ಅವಳನ್ನು ನೋಡಲಿಲ್ಲ. ನೋಡಲಿಲ್ಲವೋ, ನೋಡುವ ಧೈರ್ಯವಾಗಲಿಲ್ಲವೋ.

ಮಿಲ್ಲಿನಿಂದ ಬಂದವನು ಇದನ್ನೆಲ್ಲ ಬರೆಯಲು ಕೂತೆ. ಎಲ್ಲ ಅರ್ಥ ಗೊತ್ತಿದ್ದವನ ಬಾಯಿಂದ ಒಂದು ಹೂಂ ಹೊರಡಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. "ಹೂಂ ರೀ ನೀಲವ್ವಾರ, ನಿಂದರ್ರಿ" ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

"ಯಾರಿಗೆ ಹೂಂ ಅನ್ನಾಕತ್ತೀರಿ?" ಎಂದಳು ಹೆಂಡತಿ ಒಳಗಿಂದ.

ಹೇಳಲು ಬಾಯಿ ತೆರೆದೆ. "ಹಲಗಿಗೆ" ಎಂದುಬಿಟ್ಟೆ.