ಮೊಮ್ಮಗಳ ಮೊದಲ ಅನ್ನ

ನಾನು ಓದಿದ್ದು ಮೂರನೆಯ ಕ್ಲಾಸು. ಆದರೂ ಮೊಮ್ಮಗಳ ವಿಷಯ ಬರೆಯದಿದ್ದರೆ ಎದೆ ಒಡೆದೀತು, ಅಷ್ಟು ಸಂತೋಷ.

ಮಗಳು ಪುಂಜಾಲಕಟ್ಟೆಯ ಕ್ರಿಶ್ಚಿಯನ್ನರ ಮನೆಗೆ ಮದುವೆಯಾಗಿ ಹೋದವಳು. ಮಗುವಿಗೆ ಆರು ತಿಂಗಳಾದಾಗ, ಮೊದಲ ಅನ್ನ ಯಾರ ಹಬ್ಬದಲ್ಲಿ ಉಣ್ಣಿಸುವುದೆಂದು ಇಬ್ಬರು ಅಜ್ಜಂದಿರಿಗೆ ಚರ್ಚೆ ಹತ್ತಿತು. ಅವರ ಇಗರ್ಜಿಯಲ್ಲಿ ಪಾದ್ರಿಗಳು ತೆನೆ ಆಶೀರ್ವದಿಸುವ ಮೊಂತಿ ಹಬ್ಬಕ್ಕೋ, ನಮ್ಮಲ್ಲಿ ಬಾಗಿಲಿಗೆ ತೆನೆ ಕಟ್ಟಿ ಹೊಸ ಅಕ್ಕಿ ಉಣ್ಣುವ ದಿನಕ್ಕೋ? ತಿಂಗಳಿಡೀ ಅದೇ ಮಾತು. ಕೇಳಿ ಕೇಳಿ ನಾನು ಸೋತುಹೋಗಿದ್ದೆ.

ಒಂದು ದಿನ ಬೀಗರ ಜಗಲಿಯಲ್ಲಿ ಮತ್ತೆ ಶುರುವಾಯಿತು.

“ವಿಗ್ರಹ ಪೂಜೆ ಇಲ್ಲ ಅಂತೀರಿ, ಮಾತೆಯ ಮೂರ್ತಿಗೆ ಹೂ ಹಾಕುದು ಯಾಕೆ ಮಾರಾಯ್ರೆ?” ಎಂದರು ನನ್ನ ಗಂಡ.

“ಭೂತಕ್ಕೆ ಕೊಟ್ಟ ಕೋಳಿಯ ಸಾರು ಉಣ್ಣುದು ಭೂತವೋ, ನೀವೋ?” ಎಂದರು ಬೀಗರು.

ಮಗಳು ಸ್ನಾನಕ್ಕೆ ಹೋಗಿದ್ದಳು. ಅಡುಗೆಮನೆಯಲ್ಲಿ ನನ್ನ, ಬೀಗಿತ್ತಿಯ ಕೈಯಲ್ಲಿ ಮಗು ಹಸಿದು ಅಳುತ್ತಿತ್ತು.

“ಇವರದ್ದು ಮುಗಿಯುದಿಲ್ಲ. ನಾವೇ ಕೊಡುವನಾ?” ಎಂದರು ಬೀಗಿತ್ತಿ.

ನಾನು ಗಂಜಿಯ ಅನ್ನ ನುರಿದು ಬಾಯಿಗಿಟ್ಟೆ. ನುಂಗಿ ಮತ್ತೆ ಬಾಯಿ ತೆರೆಯಿತು, ಬಂಗಾರ! ಎರಡನೆಯ ತುತ್ತು ಬೀಗಿತ್ತಿ ಕೊಟ್ಟರು. ಇಬ್ಬರಿಗೂ ಕಣ್ಣೀರು ಬಂತು.

ಈ ಸುದ್ದಿ ಜಗಲಿಗೆ ಹೋಗಲಿಲ್ಲ. ಮೊಂತಿ ಹಬ್ಬ ಮೊದಲು ಬಂತು. ಬೀಗರು ಗತ್ತಿನಿಂದ ‘ಮೊದಲ’ ಅನ್ನ ಉಣ್ಣಿಸಿದರು. ತಾನು ಸೋತೆನೆಂದು ನನ್ನ ಗಂಡ ಈಗಲೂ ಕೊರಗುತ್ತಾರೆ. ನಿಜ ಹೇಳಿಬಿಡೋಣ ಅನಿಸುತ್ತದೆ. ಹೇಳಿದರೆ ಯಾವ ಅಜ್ಜಿಯ ಕೈ ಮೊದಲು ಎಂದು ಹೊಸ ಚರ್ಚೆ ಹುಟ್ಟೀತು. ಅದನ್ನು ಕೇಳಿಸಿಕೊಳ್ಳಲು ನನಗಿನ್ನು ಆಗದು.